ಅಂತರ್ಮುಖಿ, ಬಹಿರ್ಮುಖಿ: ಪರ್ಸನಾಲಿಟಿ ಟೆಸ್ಟ್ ನಮ್ಮ ಮಕ್ಕಳನ್ನು ಎರಡು ಬಣ ಮಾಡುವುದು ಸರಿಯೇ?

ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕ್ಯಾಂಪಸ್ ಸೆಲೆಕ್ಷನ್ ಅಂದರೆ ಈಗ ಲೆಕ್ಕ, ಕೋಡಿಂಗ್, ಇಂಟರ್‌ವ್ಯೂ ಇಷ್ಟೇ ಅಲ್ಲ. ಆಪ್ಟಿಟ್ಯೂಡ್ ಪರೀಕ್ಷೆಯ ಬೆನ್ನಿಗೇ ಕೆಲವು ಕಂಪನಿಗಳು ಪರ್ಸನಾಲಿಟಿ ಟೆಸ್ಟ್ ಕೂಡ ಇಡುತ್ತವೆ. ಜನರ ಜೊತೆ ಇರಲು ಇಷ್ಟವೋ, ಒಬ್ಬರೇ ಇರಲು ಇಷ್ಟವೋ? ಬುದ್ಧಿಯ ಮಾತು ಕೇಳುತ್ತೀರೋ, ಮನಸ್ಸಿನ ಮಾತು ಕೇಳುತ್ತೀರೋ? ಹೀಗೆ ಐವತ್ತೋ ನೂರೋ ಪ್ರಶ್ನೆ, ಕೊನೆಗೊಂದು ಹಣೆಪಟ್ಟಿ. ಇತ್ತ ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ, ಮಗುವಿನ ವ್ಯಕ್ತಿತ್ವ ಯಾವ ಬಗೆಯದು ಎಂದು ತಿಳಿದುಕೊಂಡೇ ಕೋರ್ಸ್ ಆರಿಸಿ ಎನ್ನುವ ಜಾಹೀರಾತುಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ.

ಸುದ್ದಿಗಳೂ ಎರಡು ಥರ ಬರುತ್ತಿವೆ. ದೊಡ್ಡ ದೊಡ್ಡ ಕಂಪನಿಗಳೇ ಈ ಪರೀಕ್ಷೆಗಳನ್ನು ಬಳಸುತ್ತವೆ ಅನ್ನುತ್ತದೆ ಒಂದು ವರದಿ. ಇದರಲ್ಲಿ ವಿಜ್ಞಾನವೇ ಇಲ್ಲ ಅನ್ನುತ್ತದೆ ಇನ್ನೊಂದು. ಆಲೂರಿನಲ್ಲೋ ಅರಕಲಗೂಡಿನಲ್ಲೋ ಇರುವ ತಂದೆ-ತಾಯಿ ಯಾವುದನ್ನು ನಂಬಬೇಕು?

ಎರಡೂ ವರದಿ ಸುಳ್ಳಲ್ಲ. ಪರ್ಸನಾಲಿಟಿ ಟೆಸ್ಟ್ ಎನ್ನುವ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಜನರನ್ನು ಗುಂಪು ಮಾಡುವ ಪರೀಕ್ಷೆ ಒಂದು. ಗುಣ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ ಇನ್ನೊಂದು. ಯಾವ ಆಧಾರವೂ ಇಲ್ಲದ ವ್ಯಾಪಾರ ಮೂರನೆಯದು. ಇವನ್ನು ಬಿಡಿಸಿ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ.

ಗುಂಪು ಮಾಡುವುದು ಹೊಸದಲ್ಲ

ಮನುಷ್ಯರನ್ನು ಇಷ್ಟೇ ಬಗೆ ಎಂದು ವಿಂಗಡಿಸುವ ಆಸೆ ಬಹಳ ಹಳೆಯದು. ಸುಮಾರು 1,800 ವರ್ಷದ ಹಿಂದೆ ಗೇಲನ್ ಎಂಬ ಗ್ರೀಕ್ ವೈದ್ಯ ದೇಹದ ನಾಲ್ಕು ದ್ರವಗಳಿಗೂ ಸ್ವಭಾವಕ್ಕೂ ಗಂಟು ಹಾಕಿದ್ದ. ನಮ್ಮಲ್ಲಿ ಆಯುರ್ವೇದದ ವಾತ, ಪಿತ್ತ, ಕಫ ಪ್ರಕೃತಿಗಳಿವೆ. ಸತ್ವ, ರಜಸ್ಸು, ತಮಸ್ಸು ಎಂಬ ಮೂರು ಗುಣಗಳಿವೆ.

ಇವತ್ತಿಗೂ ಮನೆ ಮನೆಯಲ್ಲಿ ನಡೆಯುವ ವಿಂಗಡಣೆ ಅಂದರೆ ಜಾತಕದ ಗಣಕೂಟ. ಇಪ್ಪತ್ತೇಳು ನಕ್ಷತ್ರಗಳನ್ನು ದೇವಗಣ, ಮನುಷ್ಯಗಣ, ರಾಕ್ಷಸಗಣ ಎಂದು ಒಂಬತ್ತೊಂಬತ್ತರಂತೆ ಹಂಚಲಾಗಿದೆ. ಹುಡುಗಿಯದು ರಾಕ್ಷಸಗಣ ಎಂದು ಗೊತ್ತಾದರೆ, ಅವಳ ಜೊತೆ ಒಂದು ಮಾತೂ ಆಡದೆ ಸಂಬಂಧ ಮುರಿಯುವವರು ಈಗಲೂ ಇದ್ದಾರೆ. ಅವಳು ಕೋಪಿಷ್ಠೆಯೋ ಸಮಾಧಾನಿಯೋ ಯಾರೂ ನೋಡಿರುವುದಿಲ್ಲ. ಹೆಸರು ಮೊದಲು ಬರುತ್ತದೆ, ತೀರ್ಮಾನ ಅದರ ಹಿಂದೆಯೇ ಬರುತ್ತದೆ. ಮನುಷ್ಯರ ಪರಿಚಯಕ್ಕೆ ಜಾಗವೇ ಉಳಿಯುವುದಿಲ್ಲ. ಇಂಗ್ಲಿಷ್ ಹೆಸರಿನ, ಕಂಪ್ಯೂಟರ್ ಮೇಲಿನ ಹೊಸ ಪರೀಕ್ಷೆಗಳಲ್ಲೂ ಇದೇ ಅಪಾಯ ಇದೆ.

ಹದಿನಾರು ಗುಂಪು ಬಂದದ್ದು ಹೇಗೆ

ಸ್ವಿಟ್ಜರ್‌ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನಸ್ಸಿನ ಬಗೆಗಳ ಮೇಲೆ ದೊಡ್ಡದೊಂದು ಪುಸ್ತಕ ಬರೆದರು. ಕೆಲವರ ಗಮನ ಹೊರಗಿನ ಜನ, ಕೆಲಸಗಳ ಕಡೆಗೆ ಹರಿಯುತ್ತದೆ, ಕೆಲವರದು ಒಳಗೆ ತಿರುಗುತ್ತದೆ ಎಂದರು. ಬಹಿರ್ಮುಖಿ, ಅಂತರ್ಮುಖಿ ಎನ್ನುವ ಜೋಡಿ ಬಳಕೆಗೆ ಬಂದದ್ದು ಅವರಿಂದ. ಆದರೆ ಪೂರ್ತಿ ಅಂತರ್ಮುಖಿ ಅಥವಾ ಪೂರ್ತಿ ಬಹಿರ್ಮುಖಿ ಅನ್ನುವವರು ಯಾರೂ ಇಲ್ಲ, ಇದ್ದರೆ ಹುಚ್ಚಾಸ್ಪತ್ರೆಯಲ್ಲಿ ಇರುತ್ತಾರೆ ಎಂದೂ ಅವರೇ ಹೇಳಿದ್ದರು. ಈ ಎಚ್ಚರಿಕೆ ಆಮೇಲೆ ಬಂದವರಿಗೆ ಮರೆತೇಹೋಯಿತು.

ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಮಗಳು ಇಸಬೆಲ್ ಮೈಯರ್ಸ್ ಈ ವಿಚಾರವನ್ನು ಪ್ರಶ್ನೆಪತ್ರಿಕೆಯಾಗಿ ಮಾಡಿದರು. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಎರಡನೇ ಮಹಾಯುದ್ಧದ ಕಾಲ. ಗಂಡಸರು ಯುದ್ಧಕ್ಕೆ ಹೋಗಿ, ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಾರ್ಖಾನೆ, ಕಚೇರಿಗೆ ಬರುತ್ತಿದ್ದರು. ಅವರವರ ಸ್ವಭಾವಕ್ಕೆ ಒಗ್ಗುವ ಕೆಲಸ ಸಿಗಲಿ ಎಂಬುದು ಇಸಬೆಲ್ ಅವರ ಆಸೆಯಾಗಿತ್ತು. ಉದ್ದೇಶ ಒಳ್ಳೆಯದೇ. ಅದೇ ಇಂದಿನ ಮೈಯರ್ಸ್-ಬ್ರಿಗ್ಸ್ ಪರೀಕ್ಷೆ, ಅಂದರೆ ಎಂಬಿಟಿಐ.

ಇದರಲ್ಲಿ ನಾಲ್ಕು ಜೋಡಿಗಳಿವೆ. ಮೊದಲನೆಯದು ಬಹಿರ್ಮುಖಿ-ಅಂತರ್ಮುಖಿ. ಎರಡನೆಯದು ಕಣ್ಣಿಗೆ ಕಾಣುವ ವಿವರ ನಂಬುವವರು ಮತ್ತು ಒಳಹೊಳಹು ನಂಬುವವರು. ಮೂರನೆಯದು ತರ್ಕದಿಂದ ತೀರ್ಮಾನಿಸುವವರು ಮತ್ತು ಭಾವನೆಗೆ ಬೆಲೆ ಕೊಡುವವರು. ನಾಲ್ಕನೆಯದು ಎಲ್ಲವನ್ನೂ ಮೊದಲೇ ಯೋಜಿಸುವವರು ಮತ್ತು ಬಂದ ಹಾಗೆ ನೋಡಿಕೊಳ್ಳುವವರು. ಪ್ರತಿ ಜೋಡಿಯಿಂದ ಒಂದೊಂದು ಅಕ್ಷರ ತೆಗೆದುಕೊಂಡರೆ ಹದಿನಾರು ಗುಂಪು ಆಗುತ್ತವೆ. ಹುಡುಗರು ಇನ್‌ಸ್ಟಾಗ್ರಾಂನಲ್ಲಿ ಹೆಸರಿನ ಪಕ್ಕ ಐಎನ್‌ಟಿಜೆ, ಇಎನ್‌ಎಫ್‌ಪಿ ಎಂದು ಹಾಕಿಕೊಳ್ಳುವುದು ಇದನ್ನೇ.

ಜರಡಿ ಎಲ್ಲಿ ಎಡವುತ್ತದೆ

ಕಾಫಿ ಕ್ಯೂರಿಂಗ್ ವರ್ಕ್ಸ್ ನೋಡಿದವರಿಗೆ ಈ ಪರೀಕ್ಷೆಯ ತೊಡಕು ಬೇಗ ಅರ್ಥವಾಗುತ್ತದೆ. ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜವನ್ನು ಜರಡಿಗೆ ಹಾಕಿ ಪ್ಲಾಂಟೇಷನ್ ಎಎ, ಎ, ಬಿ, ಸಿ ಎಂದು ಬೇರೆ ಮಾಡುತ್ತಾರೆ. ಜರಡಿಯ ಕಣ್ಣಿಗಿಂತ ಕೂದಲೆಳೆಯಷ್ಟು ದೊಡ್ಡದಿದ್ದ ಬೀಜ ಮೇಲೆ ಉಳಿಯುತ್ತದೆ, ಕೂದಲೆಳೆಯಷ್ಟು ಚಿಕ್ಕದು ಕೆಳಗೆ ಬೀಳುತ್ತದೆ. ಆ ಎರಡು ಬೀಜಗಳನ್ನು ಅಂಗೈ ಮೇಲೆ ಇಟ್ಟುಕೊಂಡರೆ ಯಾವುದು ಯಾವ ಗ್ರೇಡು ಎಂದು ಹೇಳುವುದು ಕಷ್ಟ. ಆದರೂ ಚೀಲದ ಮೇಲಿನ ಹೆಸರು ಬೇರೆ, ರೇಟೂ ಬೇರೆ. ಜರಡಿ ನೋಡುವುದು ಗಾತ್ರ ಮಾತ್ರ. ರುಚಿ ತಿಳಿಯಬೇಕಾದರೆ ಹುರಿದು, ಕಾಸಿ, ಕುಡಿದೇ ನೋಡಬೇಕು. ಕಾಫಿಯವರಿಗೆ ಇದು ಗೊತ್ತಿದೆ. ಅದಕ್ಕೇ ಗ್ರೇಡೂ ಇದೆ, ಕುಡಿದು ರುಚಿ ನೋಡುವ ಕಪ್ಪಿಂಗೂ ಇದೆ.

ಮನುಷ್ಯರ ಸ್ವಭಾವದಲ್ಲಿ ಈ ತೊಡಕು ಇನ್ನೂ ಜಾಸ್ತಿ. ಜನ ನಿಜಕ್ಕೂ ಎರಡು ಬಣವಾಗಿದ್ದರೆ ಅಂಕಗಳನ್ನು ಗ್ರಾಫ್ ಮಾಡಿದಾಗ ಎರಡು ಗುಡ್ಡ ಕಾಣಬೇಕಿತ್ತು. ಒಂದು ಗುಡ್ಡ ಮಾತುಗಾರರದು, ಇನ್ನೊಂದು ಮಿತಭಾಷಿಗಳದು, ನಡುವೆ ತಗ್ಗು. ಆದರೆ ಕಾಣುವುದು ಒಂದೇ ಗುಡ್ಡ. ಅತಿ ಹೆಚ್ಚು ಜನ ಇರುವುದು ನಡುಮಧ್ಯದಲ್ಲಿ. ಗುಂಪು ಮಾಡುವ ಪರೀಕ್ಷೆ ಗೆರೆ ಎಳೆಯುವುದೂ ಅದೇ ನಡುಮಧ್ಯದಲ್ಲಿ.

ಇದರಿಂದ ಏನಾಗುತ್ತದೆ ನೋಡಿ. ಇಪ್ಪತ್ತೊಂದು ಪ್ರಶ್ನೆ ಇವೆ ಅಂದುಕೊಳ್ಳಿ. ಹನ್ನೊಂದಕ್ಕೆ ‘ಜನರ ಜೊತೆ’ ಎಂದು ಉತ್ತರಿಸಿದವಳು ಬಹಿರ್ಮುಖಿ, ಹತ್ತಕ್ಕೆ ಹಾಗೆ ಉತ್ತರಿಸಿದವಳು ಅಂತರ್ಮುಖಿ. ಇಬ್ಬರ ನಡುವೆ ಒಂದೇ ಪ್ರಶ್ನೆಯ ಅಂತರ, ಆದರೆ ಹಣೆಪಟ್ಟಿ ಪೂರ್ತಿ ತಿರುವುಮುರುವು. ಆ ಹನ್ನೊಂದರವಳಿಗೂ ಇಪ್ಪತ್ತೊಂದಕ್ಕೆ ಇಪ್ಪತ್ತೊಂದು ತಂದವಳಿಗೂ ಮಾತ್ರ ಒಂದೇ ಹೆಸರು. ಹತ್ತಿರದವರನ್ನು ದೂರ ಮಾಡಿ, ದೂರದವರನ್ನು ಒಟ್ಟಿಗೆ ಕೂರಿಸಿದ ಹಾಗಾಯಿತು ಅಲ್ವಾ?

ಇದೇ ಕಾರಣಕ್ಕೆ ಫಲಿತಾಂಶ ಗಟ್ಟಿಯಾಗಿ ನಿಲ್ಲುವುದಿಲ್ಲ. ಐದು ವಾರ ಬಿಟ್ಟು ಅದೇ ಪರೀಕ್ಷೆ ಬರೆಸಿದರೆ ಅರ್ಧದಷ್ಟು ಜನ ಬೇರೆ ಗುಂಪಿಗೆ ಹೋಗಬಹುದು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಪಿಟೆಂಗರ್ 1993ರಲ್ಲಿ ಬರೆದರು. ಪರೀಕ್ಷೆಯ ಪರ ಇರುವವರು ಇದಕ್ಕೆ ಉತ್ತರ ಕೊಡುತ್ತಾರೆ: ನಾಲ್ಕೂ ಅಕ್ಷರ ಬದಲಾಗುವುದಿಲ್ಲ, ಸಾಮಾನ್ಯವಾಗಿ ಒಂದೇ ಬದಲಾಗುತ್ತದೆ. ಆ ಮಾತು ನಿಜ. ಆದರೆ ಲೆಕ್ಕ ಹಾಕಿ ನೋಡಿ. ಒಂದೊಂದು ಅಕ್ಷರ ನೂರರಲ್ಲಿ 85 ಸಲ ಹಾಗೆಯೇ ಉಳಿಯುತ್ತದೆ ಅಂತಲೇ ಇಟ್ಟುಕೊಳ್ಳೋಣ. ನಾಲ್ಕೂ ಒಟ್ಟಿಗೆ ಉಳಿಯುವುದು ನೂರರಲ್ಲಿ ಸುಮಾರು 52 ಸಲ ಮಾತ್ರ. ಸ್ವಭಾವ ಬದಲಾಗಿರುವುದಿಲ್ಲ, ಗೆರೆಯ ಹತ್ತಿರ ಇದ್ದವರು ಆಚೆ-ಈಚೆ ಆಗಿರುತ್ತಾರೆ ಅಷ್ಟೆ.

ಆದರೂ ನನ್ನ ಬಗ್ಗೆಯೇ ಬರೆದ ಹಾಗಿದೆ ಅನಿಸುವುದು ಯಾಕೆ

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟರು. ಒಂದು ವಾರದ ಮೇಲೆ ಪ್ರತಿಯೊಬ್ಬರ ಕೈಗೂ ಅವರವರ ಸ್ವಭಾವದ ವರದಿ ಎಂದು ಒಂದು ಹಾಳೆ ಕೊಟ್ಟು, ಎಷ್ಟು ಸರಿಯಿದೆ ಎಂದು ಐದಕ್ಕೆ ಅಂಕ ಹಾಕಲು ಹೇಳಿದರು. ಸರಾಸರಿ 4.26 ಬಂತು. ನಿಜ ಏನೆಂದರೆ ಎಲ್ಲರಿಗೂ ಕೊಟ್ಟದ್ದು ಒಂದೇ ಬರಹ. ಅದರ ಹೆಚ್ಚಿನ ಸಾಲುಗಳು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದವು.

ನಿಮ್ಮಲ್ಲಿ ಬಳಸದೆ ಉಳಿದ ಶಕ್ತಿ ತುಂಬಾ ಇದೆ, ಹೊರಗೆ ಧೈರ್ಯವಾಗಿ ಕಂಡರೂ ಒಳಗೆ ಅಳುಕು ಇದೆ. ಇಂಥ ಮಾತು ಯಾರಿಗೆ ತಾನೇ ಒಪ್ಪುವುದಿಲ್ಲ? ಹಾಗಾಗಿ ವರದಿ ಮನಸ್ಸಿಗೆ ಹಿಡಿಸಿತು ಎನ್ನುವುದು ಪರೀಕ್ಷೆ ಸರಿ ಎನ್ನುವುದಕ್ಕೆ ಸಾಕ್ಷಿಯಲ್ಲ. ಹದಿನಾರೂ ಗುಂಪುಗಳ ವಿವರಣೆ ಹೊಗಳಿಕೆಯ ಧಾಟಿಯಲ್ಲೇ ಇರುವುದನ್ನು ಗಮನಿಸಿ. ಇವರು ಸೋಮಾರಿಗಳು, ಮಾತು ಉಳಿಸಿಕೊಳ್ಳದವರು ಎಂದು ಯಾವ ಗುಂಪಿನ ಬಗ್ಗೆಯೂ ಬರೆದಿರುವುದಿಲ್ಲ.

ಗುಂಪು ಬಿಟ್ಟು ಅಳತೆಗೆ ಬಂದವರು

ಹಾಗಾದರೆ ಸ್ವಭಾವವನ್ನು ಅಳೆಯಲು ಆಗುವುದೇ ಇಲ್ಲವೇ? ಆಗುತ್ತದೆ, ತಕ್ಕಮಟ್ಟಿಗೆ. ಇಲ್ಲಿ ಮನಶ್ಶಾಸ್ತ್ರದ ಇನ್ನೊಂದು ಹಾದಿ ಇದೆ. 1936ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಮನುಷ್ಯರ ಸ್ವಭಾವ, ನಡತೆ ಹೇಳುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಒಟ್ಟೊಟ್ಟಿಗೆ ಕಾಣಿಸಿಕೊಳ್ಳುವ ಗುಣಗಳನ್ನು ಕೂಡಿಸುತ್ತಾ ಹೋದಾಗ, ಹಲವು ದಶಕಗಳ ನಂತರ ಐದು ಮುಖ್ಯ ಗುಣಗಳು ಉಳಿದವು. ಹೊಸದಕ್ಕೆ ತೆರೆದ ಮನಸ್ಸು, ಶಿಸ್ತು ಮತ್ತು ಹೊಣೆಗಾರಿಕೆ, ಜನರೊಡನೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಕಳವಳಗೊಳ್ಳುವುದು. ಇದಕ್ಕೆ ‘ಬಿಗ್ ಫೈವ್’ ಎನ್ನುತ್ತಾರೆ.

ಇಲ್ಲಿ ನೀವು ಯಾವ ಗುಂಪು ಎಂದು ಯಾರೂ ಹೇಳುವುದಿಲ್ಲ. ಪ್ರತಿ ಗುಣದಲ್ಲಿ ಎಷ್ಟು ಎಂದು ಹೇಳುತ್ತಾರೆ. ನಡುವಿನವರು ನಡುವಿನವರಾಗಿಯೇ ಉಳಿಯುತ್ತಾರೆ. 2018ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 15 ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ನೋಡಿ, ಈ ಐದು ಗುಣಗಳ ನಾಲ್ಕು ಬಗೆಯ ಸೇರ್ಪಡೆಗಳು ಸ್ವಲ್ಪ ಜಾಸ್ತಿ ಕಾಣುತ್ತವೆ ಎಂದರು. ಪತ್ರಿಕೆಗಳಲ್ಲಿ ಅದು ‘ನಾಲ್ಕೇ ಬಗೆಯ ಜನ’ ಎಂದು ಬಂತು. ಅವರಿಗೆ ಕಂಡದ್ದು ಜನ ಸ್ವಲ್ಪ ದಟ್ಟವಾಗಿರುವ ನಾಲ್ಕು ಜಾಗಗಳು. ಅವುಗಳ ಸುತ್ತ ಬೇಲಿ ಇರಲಿಲ್ಲ.

ಕೆಲಸಕ್ಕೆ ಇದರಿಂದ ಉಪಯೋಗ ಇದೆಯೇ? ಅಮೆರಿಕದ ಸಂಶೋಧಕರಾದ ಮರ್ರೆ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ 1991ರಲ್ಲಿ 117 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಶಿಸ್ತು-ಹೊಣೆಗಾರಿಕೆ ಒಂದು ಗುಣ ಮಾತ್ರ ಅವರು ನೋಡಿದ ಎಲ್ಲ ಬಗೆಯ ಕೆಲಸಗಳಲ್ಲೂ ಉಪಯೋಗಕ್ಕೆ ಬರುತ್ತದೆ ಎಂದು ಕಂಡುಕೊಂಡರು. ಬಹಿರ್ಮುಖತೆ ನೆರವಾದದ್ದು ಸೇಲ್ಸ್, ಮ್ಯಾನೇಜರ್ ಥರದ ಕೆಲಸಗಳಲ್ಲಿ. ಆದರೆ ಆ ಹೊಣೆಗಾರಿಕೆಗೂ ಕೆಲಸಕ್ಕೂ ಇರುವ ನಂಟು ಸಾಧಾರಣದ್ದು, 0.2ರ ಆಸುಪಾಸು (ನಂಟೇ ಇಲ್ಲದಿದ್ದರೆ 0, ಪೂರ್ತಿ ನಂಟಿದ್ದರೆ 1). ಬಿಡಿಸಿ ಹೇಳುವುದಾದರೆ, ಒಬ್ಬರು ಚೆನ್ನಾಗಿ ಕೆಲಸ ಮಾಡುತ್ತಾರೆ, ಇನ್ನೊಬ್ಬರು ಮಾಡುವುದಿಲ್ಲ ಎನ್ನುವ ವ್ಯತ್ಯಾಸದಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನು ಅದು ವಿವರಿಸುತ್ತದೆ. ಸಾವಿರಾರು ಜನರನ್ನು ತೆಗೆದುಕೊಳ್ಳುವ ಕಂಪನಿಗೆ ಅಷ್ಟೂ ಲಾಭವೇ. ಒಬ್ಬ ಹುಡುಗನ ಹಣೆಬರಹ ಬರೆಯಲು ಮಾತ್ರ ಅದು ಏನೇನೂ ಸಾಲದು.

ಕಂಪನಿಗಳ ವಾದದಲ್ಲೂ ಹುರುಳಿದೆ

ಒಂದು ಹುದ್ದೆಗೆ ನೂರಾರು ಅರ್ಜಿ ಬರುತ್ತವೆ. ಎಲ್ಲರನ್ನೂ ಕೂರಿಸಿ ಮಾತಾಡಿಸುವುದು ಆಗದ ಮಾತು. ಮಾತಾಡಿಸಿದರೂ ಇಂಟರ್‌ವ್ಯೂ ಮಾಡುವವರ ಕಣ್ಣಿಗೆ ಬಟ್ಟೆ, ಬಣ್ಣ, ಊರು, ಅಡ್ಡಹೆಸರು ಬೀಳುತ್ತದೆ. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಅದು ಜಾತಿ ಕೇಳುವುದಿಲ್ಲ, ಮುಖ ನೋಡುವುದಿಲ್ಲ ಎನ್ನುತ್ತಾರೆ ಎಚ್‌ಆರ್‌ನವರು. ಈ ಮಾತನ್ನು ಸುಲಭವಾಗಿ ತಳ್ಳಿಹಾಕಬಾರದು. ನಮ್ಮಂಥ ಊರಿನ ಮಕ್ಕಳಿಗೆ ಇಂಟರ್‌ವ್ಯೂನಲ್ಲಿ ಆಗುವ ಅನ್ಯಾಯವೂ ಕಡಿಮೆಯದಲ್ಲ.

ಕೌನ್ಸೆಲಿಂಗ್ ಮಾಡುವವರ ವಾದ ಬೇರೆ. ತನ್ನ ಬಗ್ಗೆ ಒಂದು ಮಾತೂ ಆಡದ ಹುಡುಗ ಪರೀಕ್ಷೆಯ ನೆಪದಲ್ಲಿ ಬಾಯಿಬಿಡುತ್ತಾನೆ. ನನಗೆ ಗಲಾಟೆ ಆಗಲ್ಲ, ಒಬ್ಬನೇ ಕೂತರೆ ಚೆನ್ನಾಗಿ ಓದ್ತೀನಿ ಎನ್ನುತ್ತಾನೆ. ಅಷ್ಟಕ್ಕೆ ಬಳಸಿದರೆ ಎಂಬಿಟಿಐ ಕೂಡ ತಪ್ಪಲ್ಲ. ಇಲ್ಲಿ ಬಹಳ ಜನಕ್ಕೆ ಗೊತ್ತಿರದ ಸಂಗತಿ ಒಂದಿದೆ. ಕೆಲಸಕ್ಕೆ ಜನರನ್ನು ಆರಿಸಲು, ತಿರಸ್ಕರಿಸಲು ಈ ಪರೀಕ್ಷೆ ಬಳಸಬೇಡಿ ಎಂದು ಎಂಬಿಟಿಐ ಮಾರುವ ಸಂಸ್ಥೆಯೇ ಹೇಳುತ್ತದೆ.

ಏಟು ಬೀಳುವುದು ಯಾರಿಗೆ

ತಪ್ಪು ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ ಎನ್ನುವುದು ಈ ಲೇಖನದ ಮುಖ್ಯ ಮಾತು.

ಬಿಗ್ ಫೈವ್ ಪ್ರಶ್ನೆಪತ್ರಿಕೆಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ಸಾಲು ‘ಪಾರ್ಟಿಗೆ ಕಳೆ ಕಟ್ಟುವುದೇ ನಾನು’ ಎಂಬ ಅರ್ಥದ್ದು. ಒಪ್ಪುತ್ತೀರಾ, ಇಲ್ಲವಾ ಎಂದು ಗುರುತು ಹಾಕಬೇಕು. ಬೇಲೂರು ಕಡೆಯ ಹಳ್ಳಿಯಲ್ಲಿ ಬೆಳೆದ ಹುಡುಗಿಯೊಬ್ಬಳು ಇದಕ್ಕೆ ಏನೆಂದು ಉತ್ತರಿಸಬೇಕು? ಅವಳು ನೋಡಿದ ದೊಡ್ಡ ಕೂಟ ಅಂದರೆ ಮದುವೆ, ಜಾತ್ರೆ, ಊರಹಬ್ಬ. ಅಲ್ಲಿ ದೊಡ್ಡವರ ಎದುರು ಹುಡುಗಿ ಮುಂದೆ ನಿಂತು ಮಾತಾಡಿದರೆ ಅತಿಯಾಯಿತು ಎನ್ನುತ್ತಾರೆ. ಅಡುಗೆಮನೆಯಲ್ಲಿ ಅತ್ತಿಗೆಯರ ಜೊತೆ, ಹಾಸ್ಟೆಲಿನಲ್ಲಿ ಗೆಳತಿಯರ ಜೊತೆ ಅವಳದೇ ಮಾತು, ಅವಳದೇ ನಗು. ಆದರೆ ಪ್ರಶ್ನೆಗೆ ಅವಳು ‘ಇಲ್ಲ’ ಎಂದೇ ಗುರುತು ಹಾಕುತ್ತಾಳೆ. ಪರೀಕ್ಷೆ ಅವಳಿಗೆ ಬಹಿರ್ಮುಖತೆಯಲ್ಲಿ ಕಡಿಮೆ ಅಂಕ ಕೊಡುತ್ತದೆ. ಗ್ರೂಪ್ ಡಿಸ್ಕಷನ್‌ನಲ್ಲೂ ಅವಳು ಸುಮ್ನೆ ಇರುತ್ತಾಳೆ, ಏಕೆಂದರೆ ಅದು ಇಂಗ್ಲಿಷಿನಲ್ಲಿ ನಡೆಯುತ್ತದೆ. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳಿಗೆ ವಾಕ್ಯ ಕೂಡಿಸುವಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಅಲ್ಲಿಗೆ ಎರಡೂ ಕಡೆ ಒಂದೇ ಫಲಿತಾಂಶ ಬಂತು. ಕಂಪನಿಯವರಿಗೆ ಅದು ಖಾತ್ರಿಯಾದ ಹಾಗೆ ಕಾಣುತ್ತದೆ. ಆದರೆ ಎರಡೂ ಕಡೆ ಅಳೆದದ್ದು ಅವಳ ಸ್ವಭಾವವನ್ನಲ್ಲ, ಅವಳು ಬೆಳೆದ ರೀತಿಯನ್ನು ಮತ್ತು ಅವಳ ಇಂಗ್ಲಿಷನ್ನು.

ಇದು ಬರೀ ಊಹೆಯ ಮಾತಲ್ಲ. ಬೊಲಿವಿಯಾದ ಕಾಡಂಚಿನಲ್ಲಿ ಬೇಟೆ, ಬೇಸಾಯ ಮಾಡಿ ಬದುಕುವ ತ್ಸಿಮಾನೆ ಜನರ ನಡುವೆ ಮಾನವಶಾಸ್ತ್ರಜ್ಞ ಮೈಕೆಲ್ ಗರ್ವೆನ್ ಮತ್ತು ಸಂಗಡಿಗರು ಬಿಗ್ ಫೈವ್ ಪರೀಕ್ಷೆ ನಡೆಸಿ 2013ರಲ್ಲಿ ಪ್ರಕಟಿಸಿದರು. ಆ ಐದು ಗುಣಗಳು ಅಲ್ಲಿ ಐದಾಗಿ ಬಿಡಿಬಿಡಿಯಾಗಿ ಸಿಗಲೇ ಇಲ್ಲ. ಪರೀಕ್ಷೆ ಯಾವ ಜನರ ನಡುವೆ ತಯಾರಾಯಿತೋ ಅವರ ಬದುಕು ಅದರೊಳಗೆ ಸೇರಿಕೊಂಡಿರುತ್ತದೆ.

ಇದರ ಮುಂದಿನ ಪರಿಣಾಮವನ್ನೂ ಯೋಚಿಸಬೇಕು. ಯಾವ ಉತ್ತರಕ್ಕೆ ಕೆಲಸ ಸಿಗುತ್ತದೆ ಎಂದು ಗೊತ್ತಾದರೆ ಮಕ್ಕಳು ಅದನ್ನೇ ಬರೆಯುತ್ತಾರೆ. ಅದಕ್ಕೂ ತರಬೇತಿ ಶುರುವಾಗುತ್ತದೆ. ಆಗ ದುಡ್ಡು ಕೊಟ್ಟು ಕಲಿತವರು ಪಾಸಾಗುತ್ತಾರೆ, ನಿಜ ಬರೆದವರು ಹೊರಗೆ ಉಳಿಯುತ್ತಾರೆ. ಇನ್ನೊಂದು ಕಡೆ, ನೀನು ಅಂತರ್ಮುಖಿ ಎಂದು ಹದಿನೇಳನೇ ವಯಸ್ಸಿಗೆ ಹೇಳಿಸಿಕೊಂಡವನು ವಕೀಲಿ, ಪಾಠ ಹೇಳುವುದು, ರಾಜಕೀಯ ಇವುಗಳ ಆಸೆಯನ್ನೇ ಬಿಡಬಹುದು. ಹದಿಹರೆಯ ದಾಟಿ ಇಪ್ಪತ್ತು, ಮೂವತ್ತಕ್ಕೆ ಬರುವಾಗ ಜನರ ಶಿಸ್ತು, ಹೊಣೆಗಾರಿಕೆ ಸಾಮಾನ್ಯವಾಗಿ ಹೆಚ್ಚುತ್ತದೆ ಎಂದು ದೀರ್ಘಕಾಲದ ಅಧ್ಯಯನಗಳು ತೋರಿಸಿವೆ. ಹದಿನೇಳರ ಅಂಕ ಕೊನೆಯ ಅಂಕವಲ್ಲ.

ಬೆರಳಚ್ಚಿನ ಪರೀಕ್ಷೆ

ಬೆರಳಚ್ಚು ತೆಗೆದು ಮಗುವಿನ ಬುದ್ಧಿ, ಸ್ವಭಾವ, ಓದಬೇಕಾದ ಕೋರ್ಸ್ ಹೇಳುತ್ತೇವೆ ಎನ್ನುವ ಡಿಎಂಐಟಿ ಪರೀಕ್ಷೆಯನ್ನು ಮೇಲಿನವುಗಳ ಜೊತೆ ಸೇರಿಸಲೇಬಾರದು. ಬೆರಳಿನ ಗೆರೆಗಳು ತಾಯಿಯ ಹೊಟ್ಟೆಯಲ್ಲೇ ಮೂಡುತ್ತವೆ, ಆ ಮಾತು ನಿಜ. ಆದರೆ ಅವುಗಳಿಂದ ಸ್ವಭಾವ ಓದಬಹುದು ಎನ್ನುವುದಕ್ಕೆ ಆಧಾರ ಇಲ್ಲ. ಇದಕ್ಕೆ ವೈಜ್ಞಾನಿಕ ತಳಹದಿ ಇಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ ಹೇಳಿದೆ. ಇದಕ್ಕೆ ದುಡ್ಡು ಕೊಡಬೇಡಿ.

ಸೇನೆ ಹೇಗೆ ಆರಿಸುತ್ತದೆ

ಸ್ವಭಾವ ನೋಡಿಯೇ ಜನರನ್ನು ಆರಿಸಬೇಕಾದ ಕೆಲಸಗಳೂ ಇವೆ. ಸೇನೆಯ ಅಧಿಕಾರಿಗಳ ಆಯ್ಕೆ ಅದರಲ್ಲಿ ಒಂದು. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಡೆಯುವ ಆಯ್ಕೆ ಮಂಡಳಿಗೆ ಹೋದವರಿಗೆ ಗೊತ್ತಿರುತ್ತದೆ, ಅದು ಐದು ದಿನದ ಪ್ರಕ್ರಿಯೆ. ಚಿತ್ರ ನೋಡಿ ಕಥೆ ಬರೆಯುವ ಪರೀಕ್ಷೆ ಇದೆ, ಸನ್ನಿವೇಶಕ್ಕೆ ತಕ್ಷಣ ಉತ್ತರಿಸುವ ಪರೀಕ್ಷೆ ಇದೆ. ಅದರ ಜೊತೆ ಮೈದಾನದಲ್ಲಿ ಹಲಗೆ, ಹಗ್ಗ ಹಿಡಿದು ತಂಡವಾಗಿ ಮಾಡುವ ಕೆಲಸಗಳೂ ಇವೆ, ದೀರ್ಘ ಸಂದರ್ಶನವೂ ಇದೆ. ಮನಶ್ಶಾಸ್ತ್ರಜ್ಞರು, ಮೈದಾನದ ಅಧಿಕಾರಿ, ಸಂದರ್ಶಕರು ಬೇರೆ ಬೇರೆಯಾಗಿ ನೋಡಿ, ಕೊನೆಗೆ ಕೂತು ತೀರ್ಮಾನಿಸುತ್ತಾರೆ. ಈ ವಿಧಾನದ ಬಗ್ಗೆಯೂ ಟೀಕೆಗಳಿವೆ. ಚಿತ್ರ ನೋಡಿ ಬರೆದ ಕಥೆಯಿಂದ ಎಷ್ಟು ತಿಳಿಯುತ್ತದೆ ಎಂಬ ಚರ್ಚೆ ಮುಗಿದಿಲ್ಲ. ಆದರೂ ಒಂದೇ ಪ್ರಶ್ನೆಪತ್ರಿಕೆಯ ಮೇಲೆ ಅಲ್ಲಿ ಯಾರ ದಾರಿಯೂ ಮುಚ್ಚುವುದಿಲ್ಲ. ಇಪ್ಪತ್ತು ನಿಮಿಷದ ಆನ್‌ಲೈನ್ ಪರೀಕ್ಷೆಯ ಮೇಲೆ ಕೆಲಸ ನಿರಾಕರಿಸುವ ಕಂಪನಿಗಳು ಇದನ್ನು ನೋಡಬೇಕು.

ಕಾಲೇಜುಗಳು ಏನು ಮಾಡಬಹುದು

ಕಾನೂನು ಸ್ವಲ್ಪ ಮಟ್ಟಿಗೆ ನೆರವಿಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಒಪ್ಪಿಗೆ ಕೇಳಿ ಮಾಹಿತಿ ತೆಗೆದುಕೊಳ್ಳುವವರು ಅದು ಯಾವ ಉದ್ದೇಶಕ್ಕೆ ಎಂದು ತಿಳಿಸಬೇಕು. ಆ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ ಓದುವ ಅವಕಾಶ ಇರಬೇಕು ಎನ್ನುತ್ತದೆ ಕಾಯ್ದೆ. ಕನ್ನಡ ಅದರಲ್ಲಿ ಇದೆ. ಆದರೆ ಕೆಲಸ ಬೇಕಾದ ಹುಡುಗ ಕಂಪನಿಯನ್ನು ಎದುರು ಹಾಕಿಕೊಂಡು ಪ್ರಶ್ನೆ ಕೇಳುವುದು ಕಷ್ಟ. ಕೇಳಬೇಕಾದದ್ದು ಪ್ಲೇಸ್‌ಮೆಂಟ್ ಸೆಲ್.

ಯಾವ ಪರೀಕ್ಷೆ, ಗುಂಪು ಹೇಳುವುದೋ ಅಳತೆ ಹೇಳುವುದೋ? ಭಾರತದ ವಿದ್ಯಾರ್ಥಿಗಳ ನಡುವೆ ಅದನ್ನು ಪರೀಕ್ಷಿಸಿ ನೋಡಿದ್ದಾರಾ? ಕನ್ನಡದಲ್ಲಿ ಬರೆಯಲು ಅವಕಾಶ ಇದೆಯಾ? ಇದರಲ್ಲಿ ಹಿಂದೆ ಬಿದ್ದರೆ ಮುಂದಿನ ಸುತ್ತಿಗೆ ಬಿಡುತ್ತಾರಾ, ಇಲ್ಲವಾ? ವರದಿಯನ್ನು ವಿದ್ಯಾರ್ಥಿಗೆ ಕೊಡುತ್ತಾರಾ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ? ಈ ಪ್ರಶ್ನೆಗಳನ್ನು ಕಂಪನಿ ಬರುವ ಮೊದಲೇ ಇಮೇಲ್‌ನಲ್ಲಿ ಕಳಿಸಿ ಉತ್ತರ ತರಿಸಿಕೊಳ್ಳುವುದಕ್ಕೆ ಕಾಲೇಜಿಗೆ ಖರ್ಚೇನೂ ಇಲ್ಲ. ಜಿಲ್ಲೆಯ ನಾಲ್ಕೈದು ಕಾಲೇಜುಗಳು ಒಟ್ಟಿಗೆ ಕೇಳಿದರೆ ಕಂಪನಿಗಳು ಉತ್ತರಿಸುವ ಸಾಧ್ಯತೆಯೂ ಜಾಸ್ತಿ. ಬಂದ ಉತ್ತರಗಳನ್ನು, ಉತ್ತರ ಕೊಡದ ಕಂಪನಿಗಳ ಹೆಸರನ್ನೂ ಒಂದು ಕಡತದಲ್ಲಿ ಇಟ್ಟು, ಮುಂದಿನ ಬ್ಯಾಚಿನವರು ಅರ್ಜಿ ಹಾಕುವ ಮೊದಲು ನೋಡಲು ಕೊಡಬೇಕು.